ಆಫೀಸಿನ್ಯಾಗ ನನ್ನ ಟೈ ಕತ್ತರಿಸಿದ್ರು! ಸೋಮವಾರ ಅವ್ವನ್ನ ಕಾರ್ನಿವಲ್‌ಗೆ ಕರ್ಕೊಂಡು ಹೋಗ್ಲೋ ಬ್ಯಾಡೋ?

ಘಟಪ್ರಭಾದಿಂದ_ರೈನ್ · ಗುರುವಾರ ರಾತ್ರಿ 8:12

ಎಲ್ಲಾರಿಗೂ ನಮಸ್ಕಾರ. ನಾ ಜರ್ಮನಿಯ ಕೊಲೋನ್‌ಗೆ ಬಂದು ಐದು ತಿಂಗಳಾತು. ಇವತ್ತ ಮುಂಜಾನೆ ಮೀಟಿಂಗ್ ಅದ ಅಂತ ಟೈ ಕಟ್ಕೊಂಡು ಹೋಗಿದ್ದೆ. ಅದೂ ಎಂಥಾ ಟೈ? ಲಗ್ನದಾಗ ಮಾವನವರು ಕೊಡಿಸಿದ್ದು. ಒಳಗ ಕಾಲಿಟ್ಟಿದ್ದೇ ತಡ, ಅಕೌಂಟ್ಸ್ ವಿಭಾಗದ ಹಿರೇ ಹೆಣ್ಮಗಳೊಬ್ಬಾಕಿ ಎದುರು ಬಂದ್ಲು. ಐದು ತಿಂಗಳದಾಗ 'ಮಾರ್ಗನ್' (ಶುಭೋದಯ) ಬಿಟ್ರ ಎರಡನೇ ಮಾತು ಆಡಿದಾಕಿ ಅಲ್ಲ. ಇವತ್ತ ತಲಿಮ್ಯಾಲ ಕೆಂಪು-ಬಿಳಿ ಟೊಪ್ಪಿಗಿ, ಮೂಗಿಗೆ ಕೆಂಪು ಬಣ್ಣ, ಕೈಯಾಗ ಕತ್ರಿ. ನಕ್ಲು, ಟೈ ಹಿಡಿದ್ಲು, ಕಚಕ್! ಗಂಟಿನ ಕೆಳಗ ನಾಕು ಬಟ್ಟು ಉಳೀತು. ಮ್ಯಾಲ ಗಲ್ಲಕ್ಕೊಂದು ಮುತ್ತು. ಎಲ್ಲಾರೂ ಚಪ್ಪಾಳಿ ಹೊಡದ್ರು. ಕತ್ತರಿಸಿದ ತುಂಡು ಈಗ ನೋಟಿಸ್ ಬೋರ್ಡಿನ ಮ್ಯಾಲ ಅದ. 11 ಗಂಟೆ 11 ನಿಮಿಷಕ್ಕ ಆಫೀಸೇ ಖಾಲಿ.

ನನ್ನ ಪ್ರಶ್ನೆ ಮೂರು. ಇದು ಅವಮಾನೋ ಪ್ರೀತಿನೋ? ಸೋಮವಾರ ರಜಾ ಕೊಟ್ಟಾರ, ದೊಡ್ಡ ಮೆರವಣಿಗಿ ಅಂತ. ಬಾಗಲಕೋಟಿಯಿಂದ ಅವ್ವ ಬಂದಾಳ, ಮೊಣಕಾಲು ನೋವು. ಆರು ವರ್ಷದ ಮಗ ಬ್ಯಾರೆ. ಕರ್ಕೊಂಡು ಹೋಗ್ಬಹುದಾ? ಟೈ ಬಗ್ಗೆ ಹೆಂಡ್ತಿಗೆ ಏನ್ ಹೇಳ್ಲಿ?

ಇನ್ನೊಂದು. ಮನಿ ಕೆಳಗಿನ ಬಾರ್ ಬಾಗಲ ಮ್ಯಾಲ ಹುಲ್ಲಿನ ಗೊಂಬಿಗೆ ಅಂಗಿ-ಚೊಣ್ಣ ಹಾಕಿ ಇವತ್ತ ತೂಗಹಾಕ್ಯಾರ. ಅವ್ವ ದೃಷ್ಟಿಗೊಂಬಿ ಅಂತಾಳ. ಖರೇನಾ?

ಮಂಡ್ಯ_ಮ್ಯೂನಿಕ್ · 8:20

ಗುರೂ, ಮೂರನೇ ಪ್ರಶ್ನೆಗೆ ಮಾತ್ರ ಉತ್ತರ ಗೊತ್ತು. ಮನೆಗೆ ಹೋಗ್ಬೇಡ.

ಬಾನ್_ಭಾಗ್ಯ · 8:41

ಅಯ್ಯೋ, ಯಾರೂ ಮುಂಚೆ ಹೇಳಲಿಲ್ವಾ ನಿಮಗೆ! ಇವತ್ತು ವೈಬರ್‌ಫಾಸ್ಟ್‌ನಾಖ್ಟ್, ಹೆಂಗಸರ ದಿನ. ಗೊತ್ತಿರೋ ಗಂಡಸರು ಬೀರುವಿನ ಮೂಲೆಯಲ್ಲಿರೋ ದರಿದ್ರ ಟೈ ಹುಡುಕಿ ಕಟ್ಕೊಂಡು ಬರ್ತಾರೆ, ಕತ್ತರಿಸಲಿ ಅಂತಲೇ. ಟೈ ಕಟ್ಟಿ ಬಂದ್ರಿ ಅಂದ್ರೆ 'ನಾನೂ ಆಟಕ್ಕಿದೀನಿ' ಅಂತ ನೀವೇ ಹೇಳಿದ ಹಾಗೆ.

ಇದರ ಬೇರು ನಮ್ಮೂರಲ್ಲಿದೆ. ಬಾನ್ ಎದುರು, ರೈನ್ ನದಿಯ ಆಚೆ ದಡದಲ್ಲಿ ಬಾಯೆಲ್ ಅಂತಿದೆ. ಅಲ್ಲಿ ಊರವರ ಬಟ್ಟೆ ಒಗೆಯೋ ಹೆಂಗಸರಿದ್ರು. ಗಂಡಂದಿರು ಕಾರ್ನಿವಲ್ ಅಂತ ಕುಡಿದು ಕುಣೀತಿದ್ರು, ಇವರು ತಣ್ಣೀರಲ್ಲಿ ಕೈ ಮರಗಟ್ಟಿಸ್ಕೊಂಡು ಒಗೀತಿದ್ರು. 1824ರಲ್ಲಿ ಈ ಅಗಸಗಿತ್ತಿಯರೇ ಸೇರ್ಕೊಂಡು ತಮ್ಮದೇ ಸಮಿತಿ ಕಟ್ಟಿದ್ರು. ಇವತ್ತಿಗೂ ಬಾಯೆಲ್‌ನಲ್ಲಿ ಪ್ರತಿ ವರ್ಷ ಒಬ್ಬ 'ಅಗಸರ ರಾಜಕುಮಾರಿ' ಆಗ್ತಾಳೆ, ಹೆಂಗಸರೆಲ್ಲ ಸೇರಿ ಪುರಭವನಕ್ಕೆ ದಾಳಿ ಇಡ್ತಾರೆ. ಟೈ ಅಂದ್ರೆ ಗಂಡಸಿನ ದರ್ಬಾರಿನ ಗುರುತು, ಅದಕ್ಕೇ ಕತ್ರಿ.

ಮುತ್ತಿಗೆ ಬ್ಯುಟ್ಸ್‌ಷೆನ್ ಅಂತಾರೆ. ಅದರಲ್ಲಿ ಬೇರೆ ಅರ್ಥ ಏನೂ ಇಲ್ಲ. ನಾನು ಬಂದು ಹನ್ನೊಂದು ವರ್ಷ, ಕತ್ತರಿಸಿದ ಟೈ ಇಪ್ಪತ್ತರ ಮೇಲಾಯ್ತು.

ಕಾಯ್ದೆ_ಕಾಕಾ · 8:55

ಸಂಪ್ರದಾಯ ಅಂದ ಮಾತ್ರಕ್ಕೆ ಕಾನೂನು ಕಣ್ಮುಚ್ಚಲ್ಲ. ಎಸ್ಸೆನ್‌ನಲ್ಲಿ ಒಬ್ಬಾತ ಈ ದಿನ ಟ್ರಾವೆಲ್ ಏಜೆನ್ಸಿಗೆ ಹೋಗಿದ್ದ, ಕೇಳದೇ ಟೈ ಕತ್ತರಿಸಿದ್ರು. ಕೋರ್ಟಿಗೆ ಹೋದ, 1988ರಲ್ಲಿ ಪರಿಹಾರ ಕೊಡಿಸಿದ್ರು. ರಸೀದಿ ಇದ್ರೆ ಇಟ್ಕೊಳ್ಳಿ.

ಬಾನ್_ಭಾಗ್ಯ · 8:58

ಕಾಕಾ, ಅದು ಎಸ್ಸೆನ್. ಕೊಲೋನ್‌ನಲ್ಲಿ ಈ ಕೇಸ್ ಹಾಕಿದ್ರೆ ಜಡ್ಜ್ ಟೈನೂ ಉಳಿಯಲ್ಲ.

ಹಳೇ_ಮೈಸೂರು · 9:10

ನಗೆಯಾಡಬೇಡಿ. ಕೇಳದೆ ಬಟ್ಟೆ ಕತ್ತರಿಸೋದು, ಕೇಳದೆ ಮುತ್ತು ಕೊಡೋದು, ಇದನ್ನೇ ಗಂಡಸು ಹೆಂಗಸಿಗೆ ಮಾಡಿದ್ರೆ ಇಲ್ಲಿ ಯಾರಾದ್ರೂ 'ಸಂಪ್ರದಾಯ' ಅಂತಿದ್ರಾ? ಒಟ್ಟಿನಲ್ಲಿ ಕುಡಿಯೋಕೆ ಒಂದು ನೆಪ.

ಬಾನ್_ಭಾಗ್ಯ · 9:24

ಕೇಳ್ಬೇಕು ಅನ್ನೋದು ಸರಿ ಸರ್, ಒಪ್ತೀನಿ. ಈಗ ಬಹಳ ಜನ ಕತ್ರಿ ತೋರಿಸಿ ಹುಬ್ಬು ಹಾರಿಸ್ತಾರೆ, ತಲೆ ಅಲ್ಲಾಡಿಸಿದ್ರೆ ಬಿಟ್ಬಿಡ್ತಾರೆ. ಆದ್ರೆ 'ಕುಡಿಯೋ ನೆಪ' ಅನ್ನೋದು ಒಪ್ಪಲ್ಲ. 1815ರಿಂದ ಕೊಲೋನ್ ಪ್ರಷ್ಯ ಅನ್ನೋ ಜರ್ಮನ್ ರಾಜ್ಯದವರ ಕೈಯಲ್ಲಿತ್ತು. 1823ರಲ್ಲಿ ಸಮಿತಿ ಮಾಡಿ ಮೊದಲ ಸೋಮವಾರದ ಮೆರವಣಿಗೆ ತೆಗೆದಾಗಲೇ ಕೆಂಪು ಸಮವಸ್ತ್ರದ 'ರೋಟೆ ಫುಂಕೆನ್' ದಳ ಹುಟ್ಟಿದ್ದು. ಮರದ ಬಂದೂಕು, ಅದರ ಬಾಯಲ್ಲಿ ಹೂವು, ಬೆನ್ನಿಗೆ ಬೆನ್ನು ಕೊಟ್ಟು ಕುಂಡೆ ಉಜ್ಜಿಕೊಂಡು ಕುಣಿಯೋದು. ಸೈನ್ಯದ ಶಿಸ್ತನ್ನ ಅಣಕಿಸೋಕೆ ಇದಕ್ಕಿಂತ ಬೇಕಾ?

2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ನಾಲ್ಕೇ ದಿನಕ್ಕೆ ಆ ಸೋಮವಾರ ಬಂತು. ಅದೇ ಸಮಿತಿ ಅವತ್ತು ಶಾಂತಿ ಮೆರವಣಿಗೆ ಮಾಡ್ತು. ಸುಮಾರು ಎರಡೂವರೆ ಲಕ್ಷ ಜನ, ವೇಷದಲ್ಲೇ ಬಂದಿದ್ರು. ನಾನೂ ಇದ್ದೆ. ಜೋಕರ್ ಮುಖಕ್ಕೆ ಬಳಿದ ಬಣ್ಣದ ಮೇಲೆ ಕಣ್ಣೀರು ಇಳೀತಿತ್ತು, ಪಕ್ಕದಲ್ಲಿದ್ದ ಅಜ್ಜಿಯದ್ದು.

ಕುಡ್ಲದ_ಕುವರ · 9:30

ಕೊಲೋನ್ ಯಾಕೆ ಮಾರಾಯ್ರೆ, ಅಮ್ಮನನ್ನು ಕರ್ಕೊಂಡು ಡ್ಯುಸೆಲ್ಡಾರ್ಫಿಗೆ ಬನ್ನಿ. ಜಾಕ್ ಟಿಲ್ಲಿ ಮಾಡುವ ರಾಜಕೀಯ ರಥ ನೋಡಿದ್ದೀರಾ? ತಂತಿ, ಕಾಗದ, ಬಣ್ಣದಲ್ಲಿ ದೇಶ ದೇಶದ ನಾಯಕರ ಮಾನ ಹರಾಜು. ಸೋಮವಾರ ಬೆಳಿಗ್ಗೆವರೆಗೆ ಗುಟ್ಟು, ಒಂದು ಫೋಟೋ ಹೊರಗೆ ಬರುವುದಿಲ್ಲ. ಎಲ್ಲರಿಗೂ ಹೆಲಾವ್!

ಬಾನ್_ಭಾಗ್ಯ · 9:31

ಘಟಪ್ರಭಾ ಅವರೇ, ಮೇಲಿನ ಕೊನೇ ಪದ ಕೊಲೋನ್ ಬೀದಿಯಲ್ಲಿ ಅಪ್ಪಿತಪ್ಪಿ ಬಾಯಿಂದ ಬರಬಾರದು. ಅದು ಡ್ಯುಸೆಲ್ಡಾರ್ಫಿನ ಕಾರ್ನಿವಲ್ ಘೋಷಣೆ, ಇಲ್ಲಿಯದು 'ಅಲಾಫ್'.

ಕುಡ್ಲದ_ಕುವರ · 9:33

200 ಮಿಲಿ ಗ್ಲಾಸಲ್ಲಿ ನೀರಿನಂಥ ಬಿಯರ್ ಕುಡಿಯುವವರ ಹತ್ರ ಎಂತ ವಾದ.

ಮಂಡ್ಯ_ಮ್ಯೂನಿಕ್ · 9:35

ಇಬ್ರೂ ಗ್ಲಾಸ್ ಅಂತೀರಲ್ಲ, ನಮ್ಮಲ್ಲಿ ಒಂದು ಲೀಟರಿಂದ ಕೆಳಗೆ ಮಾತೇ ಇಲ್ಲ.

ನಿರ್ವಾಹಕ · 9:40

ಬಿಯರ್ ಜಗಳಕ್ಕೆ ಬೇರೆ ಎಳೆ ಇದೆ, ಮೂರು ವರ್ಷದಿಂದ ಉರೀತಿದೆ. ಅಲ್ಲಿಗೆ ಹೋಗಿ.

ಬಾನ್_ಭಾಗ್ಯ · 9:58

ಅಮ್ಮನ ವಿಷಯಕ್ಕೆ ಬರ್ತೀನಿ. ತ್ಸುಲ್ಪಿಷರ್ ಸ್ಟ್ರಾಸೆ ಕಡೆ ಹೋಗಲೇಬೇಡಿ, ಅದು ಕಾಲೇಜು ಹುಡುಗರ ನೂಕುನುಗ್ಗಲು. ಮೆರವಣಿಗೆ ಕಿಲೋಮೀಟರ್‌ಗಟ್ಟಲೆ ಇರುತ್ತೆ, ಕೊನೇ ಭಾಗ ಆರಿಸ್ಕೊಳ್ಳಿ. ಮಡಚೋ ಸ್ಟೂಲ್, ಕಾಲುಚೀಲ ಎರಡು ಜೊತೆ, ಥರ್ಮಸ್ಸಲ್ಲಿ ಟೀ. ಶೌಚಾಲಯ ಎಲ್ಲಿದೆ ಅಂತ ಮೊದಲೇ ನೋಡಿಟ್ಕೊಳ್ಳಿ. ಇದನ್ನ ಯಾರೂ ಹೇಳಲ್ಲ, ಆಮೇಲೆ ಎಲ್ಲರೂ ಅಳ್ತಾರೆ.

ಸೋಮವಾರ ಆಗಲ್ಲ ಅನ್ನಿಸಿದ್ರೆ ಭಾನುವಾರ ಶಾಲೆಗಳದ್ದು, ಬಡಾವಣೆಗಳದ್ದು ಮೆರವಣಿಗೆ ಇದೆ. ಮಂಗಳವಾರ ನಿಪ್ಪೆಸ್, ಎಹ್ರೆನ್‌ಫೆಲ್ಡ್‌ನಲ್ಲಿ ಬಡಾವಣೆಯವರದ್ದೇ. ನನಗೆ ಅವೇ ಇಷ್ಟ. ಕೈಯಲ್ಲಿ ಹೊಲಿದ ವೇಷ, ಪಕ್ಕದ ಮನೆಯವರೇ ರಥದ ಮೇಲೆ.

ವೇಷ ಇಲ್ಲದೆ ಹೋಗ್ಬೇಡಿ. ಸುಮ್ಮನೆ ಕೆಂಪು ಮೂಗಾದ್ರೂ ಸಾಕು. ದೊಡ್ಡ ಬಟ್ಟೆ ಚೀಲ ತಗೊಳ್ಳಿ. ಸೋಮವಾರ ಒಂದೇ ದಿನ ಕೊಲೋನ್‌ನಲ್ಲಿ ಸುಮಾರು 300 ಟನ್ ಸಿಹಿ ಎಸೀತಾರೆ. 'ಕಮೆಲ್ಲೆ!' ಅಂತ ಕೂಗ್ಬೇಕು. ಕೂಗದವರಿಗೆ ಸಿಗಲ್ಲ.

ತೆಂಗಿನಕಾಯಿ_ತುರಿ · 10:15

ಶಾಕಾಹಾರಿಗಳು ಹುಷಾರು! ಎಸೆಯೋ ಸಿಹಿಯಲ್ಲಿ ರಬ್ಬರಿನಂಥ ಗಮ್ಮಿಗಳಿರುತ್ತಲ್ಲ, ಬಹುಪಾಲಿನಲ್ಲಿ ಜೆಲಾಟಿನ್, ಅದೂ ಹಂದಿದು. ಚಾಕಲೇಟ್, ವೇಫರ್, ಪಾಪ್‌ಕಾರ್ನ್ ಬೇರೆ ಮಾಡಿಟ್ಕೊಳ್ಳಿ. ಬರ್ಲಿನರ್ (ಒಳಗೆ ಜಾಮ್ ಇರೋ ಬನ್ನು) ಕೊಳ್ಳೋವಾಗ ಯಾವ ಎಣ್ಣೆಯಲ್ಲಿ ಕರಿದಿದ್ದು ಅಂತ ಕೇಳಿ, ಹಳೇ ಪದ್ಧತಿಯವರು ಪ್ರಾಣಿ ಕೊಬ್ಬಲ್ಲಿ ಕರೀತಾರೆ. ಇನ್ನೊಂದು ಮೋಸ: ಹನ್ನೆರಡರಲ್ಲಿ ಒಂದಕ್ಕೆ ಜಾಮ್ ಬದಲು ಸಾಸಿವೆ ತುಂಬಿಸಿಡ್ತಾರೆ. ನಮ್ಮತ್ತೆಗೇ ಸಿಕ್ತು. 'ಗೊಜ್ಜು ಚೆನ್ನಾಗಿದೆ' ಅಂತ ಪೂರ್ತಿ ತಿಂದ್ರು.

ಹಳೇ_ಮೈಸೂರು · 10:32

ಒಂದು ವಿಷಯ ಗಮನಿಸಿದ್ದೀರಾ? ಈ ಭಾನುವಾರ ಶಿವರಾತ್ರಿ, ಮಾರನೇ ದಿನ ಇವರ ಮೆರವಣಿಗೆ. ಇದು ಬರೀ ಕಾಕತಾಳೀಯ ಅಲ್ಲ. ಮಾರ್ಚ್ 21ಕ್ಕೆ ಅಥವಾ ಅದರ ನಂತರ ಬರೋ ಮೊದಲ ಹುಣ್ಣಿಮೆ ಆದ ಮೇಲಿನ ಭಾನುವಾರ ಈಸ್ಟರ್. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದ್ರೆ ಬೂದಿ ಬುಧವಾರ. ಹುಣ್ಣಿಮೆಯಿಂದ ಒಂದೂವರೆ ತಿಂಗಳು ಹಿಂದೆ ಹೋದ್ರೆ ಅಮಾವಾಸ್ಯೆಯ ಆಸುಪಾಸೇ ತಾನೇ? ಶಿವರಾತ್ರಿಯೂ ಅಮಾವಾಸ್ಯೆಯ ಹಿಂದಿನ ಚತುರ್ದಶಿ. ಅವರ ಹಬ್ಬ ಓಡಾಡೋದೂ ಚಂದ್ರನ ಬೆನ್ನು ಹತ್ತಿಯೇ.

ಶಿರಸಿ_ಬಾಸೆಲ್ · 10:40

ಎಲ್ಲಾ ವರ್ಷ ಹೊಂದುವುದಿಲ್ಲ ಸರ್. ಅಧಿಕ ಮಾಸದ ಲೆಕ್ಕ ಇಬ್ಬರದೂ ಬೇರೆ, ಕೆಲವು ವರ್ಷ ಒಂದು ತಿಂಗಳೇ ಸರಿದು ಹೋಗುತ್ತದೆ.

ಹಳೇ_ಮೈಸೂರು · 10:44

ಎಲ್ಲಾ ವರ್ಷ ಅಂತ ನಾನೆಲ್ಲಿ ಹೇಳಿದೆ?

ಬೆಳಗಾವಿ_ಬಾಲ · 10:50

ಅಲ್ರೀ, ಸರಳ ಅದ. ಬುಧವಾರದಿಂದ ಈಸ್ಟರ್‌ತನಾ ಇವರದು ಉಪವಾಸ. ಅದಕ್ಕ ಮುಂಚೆ ತಿಂದುಂಡು ಮುಗಸೋದು. ನಮ್ಮ ಕಡೆ ಗಟಾರಿ ಅಮಾಸಿ ಅಂತಾರಲ್ಲ, ಶ್ರಾವಣ ಹಿಡಿಯೋ ಮುಂಚೆ ಕೋಳಿ ಮುಗಸೋದು, ಹಂಗ!

ಶಿರಸಿ_ಬಾಸೆಲ್ · 11:05

ನಿಮ್ಮೆಲ್ಲರ ಕಾರ್ನಿವಲ್ ಮುಗಿದ ಮೇಲೆ ನಮ್ಮದು ಶುರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬೂದಿ ಬುಧವಾರ ಕಳೆದ ಮೇಲಿನ ಸೋಮವಾರ, ಬೆಳಗಿನ ಜಾವ ನಾಲ್ಕಕ್ಕೆ. ಊರಿನ ದೀಪ ಪೂರ್ತಿ ಆರಿಸುತ್ತಾರೆ. ಒಂದು ಕ್ಷಣ ಕಣ್ಣಿಗೆ ಏನೂ ಕಾಣದು. ಆಮೇಲೆ ಒಟ್ಟಿಗೇ ಡೋಲು, ಪಿಕ್ಕೊಲೊ ಎಂಬ ಪುಟ್ಟ ಕೊಳಲು. ಬಣ್ಣ ಬರೆದ ದೊಡ್ಡ ಲಾಟೀನುಗಳು ಕತ್ತಲಲ್ಲಿ ತೇಲಿ ಬರುತ್ತವೆ. ಸರಿಯಾಗಿ 72 ಗಂಟೆ ನಡೆದು ಗುರುವಾರ ನಾಲ್ಕಕ್ಕೆ ಮುಗಿತಾಯ. 2017ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಇಲ್ಲಿ ನಿಯಮ ತಿರುಗಾಮುರುಗಾ. ನೋಡಲು ಬಂದವರು ವೇಷ ಹಾಕಬಾರದು. ಬ್ಯಾಡ್ಜ್ ಕೊಂಡು ಎದೆಗೆ ಸಿಕ್ಕಿಸಬೇಕು. ಇಲ್ಲದಿದ್ದರೆ ಮುಖವಾಡದವರು ಕಾಗದದ ಚೂರನ್ನು ಕಾಲರ್ ಒಳಗೇ ಸುರಿಯುತ್ತಾರೆ. ಮೊದಲ ವರ್ಷ ನಾನು ಸಾಂಟಾ ಟೋಪಿ ಹಾಕಿಕೊಂಡು ಹೋಗಿದ್ದೆ. ಬೇಸಿಗೆಯವರೆಗೂ ಕೋಟಿನ ಒಳಗಿಂದ ಕಾಗದ ಉದುರುತ್ತಿತ್ತು.

ನಾನು ಶಿರಸಿಯವನು, ಎರಡು ವರ್ಷಕ್ಕೊಮ್ಮೆ ಹೋಳಿ ಹೊತ್ತಿಗೆ ಬೇಡರ ವೇಷ ನೋಡಿ ಬೆಳೆದವನು. ನಡುರಾತ್ರಿ ತಮಟೆ ಸದ್ದು ದೂರದಿಂದ ಹತ್ತಿರವಾಗುವಾಗ ಹೊಟ್ಟೆಯೊಳಗೆ ಏನೋ ಆಗುತ್ತದಲ್ಲ, ನಾಲ್ಕು ಗಂಟೆಯ ಆ ಕತ್ತಲೆಯಲ್ಲಿ ಅದೇ ಆಯಿತು.

ತೆಂಗಿನಕಾಯಿ_ತುರಿ · 11:12

ಅಲ್ಲಿ ತಿನ್ನೋಕೆ ಏನು?

ಶಿರಸಿ_ಬಾಸೆಲ್ · 11:15

ಹುರಿದ ಹಿಟ್ಟಿನ ಸೂಪು, ಈರುಳ್ಳಿ ಹಾಕಿದ ಟಾರ್ಟು. ಸೂಪಿಗೆ ಮಾಂಸದ ಸಾರು ಬೆರೆಸುವುದುಂಟು, ಕೇಳಿ ಕುಡಿಯಿರಿ.

ಘಟಪ್ರಭಾದಿಂದ_ರೈನ್ · ಶುಕ್ರವಾರ ಬೆಳಿಗ್ಗೆ 7:30

ಎಲ್ಲಾರಿಗೂ ಥ್ಯಾಂಕ್ಸ್. ಹೆಂಡ್ತಿಗೆ ಖರೇನ ಹೇಳ್ದೆ. 'ಆ ಟೈ ಸೂಟಿನ ಜೋಡಿ ಫ್ರೀ ಬಂದಿತ್ರೀ, ಅಪ್ಪ ರೊಕ್ಕ ಕೊಟ್ಟು ತಂದಿದ್ದಲ್ಲ' ಅಂದ್ಲು. ಎಂಟು ವರ್ಷ ಜ್ವಾಕಿ ಮಾಡಿದ್ದೆ.

ಮಗನಿಗೆ ವೇಷ ಏನ್ ಹಾಕ್ಲಿ? ಶಾಲಿ ಟೀಚರ್ 'ಇಂಡಿಯಾನರ್ ಆಗ್ತಾನಾ?' ಅಂತ ಕೇಳಿದ್ರು. ನಾವು ಇಂಡಿಯನ್ನರ ಅದೀವಲ್ಲ, ಮತ್ತ ಯಾಕ ವೇಷ?

ಬಾನ್_ಭಾಗ್ಯ · 7:52

ಹ್ಹಹ್ಹ! ಇಂಡಿಯಾನರ್ ಅಂದ್ರೆ ಅಮೆರಿಕದ ಮೂಲನಿವಾಸಿ, ತಲೆಗೆ ಗರಿ. ನಾವು 'ಇಂಡರ್'.

ಹಳೇ_ಮೈಸೂರು · 8:10

ಅದೂ ಈಗ ವಿವಾದ. ಬೇರೆ ಜನರ ಉಡುಗೆಯನ್ನ ವೇಷ ಅಂತ ಹಾಕೋದು ಸರಿಯಾ? ಕಳೆದ ವರ್ಷ ಟ್ರಾಮಲ್ಲಿ ಒಬ್ಬ ಮುಖಕ್ಕೆ ಕಂದು ಬಣ್ಣ ಬಳಿದು, ಮುಂಡಾಸು ಸುತ್ತಿ 'ಮಹಾರಾಜ' ಅಂತ ನನ್ನ ಮುಂದೆಯೇ ಕೈಮುಗಿದ. ನನಗೆ ಮೈ ಉರೀತು.

ಮಂಡ್ಯ_ಮ್ಯೂನಿಕ್ · 8:18

ಬಿಡಿ ಸರ್, ನಮ್ಮೂರಲ್ಲೂ ದೊರೆ ವೇಷಕ್ಕೆ ಮುಖಕ್ಕೆ ಸುಣ್ಣ ಬಳ್ಕೊಳ್ತಾರೆ.

ಹಳೇ_ಮೈಸೂರು · 8:26

ಬಳ್ಕೊಂಡವನ ಮುಂದೆ ಆ ದೊರೆ ಟ್ರಾಮಲ್ಲಿ ಟಿಕೆಟ್ ಹಿಡ್ಕೊಂಡು ಕೂತಿರಲ್ಲ. ವ್ಯತ್ಯಾಸ ಅಲ್ಲಿದೆ.

ಶಿರಸಿ_ಬಾಸೆಲ್ · 8:40

ಇದರಲ್ಲಿ ನಾನು ಹಳೇ ಮೈಸೂರಿನವರ ಕಡೆ. ದೊರೆಯನ್ನು ಅಣಕಿಸುವುದು ಬೇರೆ, ಪಕ್ಕದಲ್ಲಿ ಕೂತವನ ಚರ್ಮವನ್ನು ಬಣ್ಣದ ಡಬ್ಬಿಯಿಂದ ತೆಗೆಯುವುದು ಬೇರೆ.

ಕುಡ್ಲದ_ಕುವರ · 8:45

ಮಗನಿಗೆ ಹುಲಿ ಮಾಡಿ ಮಾರಾಯ್ರೆ! ಹಳದಿ, ಕಪ್ಪು ಪಟ್ಟೆ, ಒಂದು ಬಾಲ. ಯಾರಿಗೂ ಬೇಜಾರಿಲ್ಲ, ಹುಲಿಯೊಂದನ್ನು ಬಿಟ್ಟು.

ಘಟಪ್ರಭಾದಿಂದ_ರೈನ್ · ಸೋಮವಾರ ರಾತ್ರಿ 7:05

ಹೋಗಿ ಬಂದ್ವಿ! ಅವ್ವ ನಿನ್ನಿ ಶಿವರಾತ್ರಿ ಉಪವಾಸ, ಅರ್ಧ ರಾತ್ರಿ ಜಾಗರಣಿ. 'ನಾ ಒಲ್ಲೆ' ಅನ್ನಾಕತ್ತಿದ್ಲು. ಮೊಮ್ಮಗ ಹುಲಿಯಾಗಿ ಗರ್ಜಿಸಿದ ಮ್ಯಾಲ ಎದ್ಲು. ವೇಷ ಬ್ಯಾಡ ಅಂದ್ಲು. ಇಲಕಲ್ ಸೀರಿ, ಮ್ಯಾಲ ನನ್ನ ಜಾಕೀಟು. ಹಾದ್ಯಾಗ ಕಂಡವರೆಲ್ಲಾ 'ವೇಷ ಭಾಳ ಚೆಂದ ಅದ' ಅಂತ ಹೆಬ್ಬೆರಳು ಎತ್ತಿದ್ರು. ಅವ್ವಗ ನಾನೂ ಬಿಡಿಸಿ ಹೇಳ್ಲಿಲ್ಲ.

ಕಮೆಲ್ಲೆ ಮಳಿ ಸುರದಂಗ ಸುರೀತು. ಮಂದಿ ಚೀಲ ಹಿಡದ್ರ ಅವ್ವ ಸೆರಗು ಒಡ್ಡಿದ್ಲು. ರಥದ ಮ್ಯಾಲಿಂದ ಒಬ್ಬಾಂವ ಅದನ್ನ ನೋಡಿ ಬಗ್ಗಿ, ಎರಡೂ ಕೈಲೆ ಚಾಕಲೇಟ್ ತುಂಬಿಸಿ ಮ್ಯಾಲೊಂದು ಹೂವಿನ ಗುಚ್ಛ ಇಟ್ಟ. 'ಉಡಿ ತುಂಬಿದ ನೋಡೋ! ಅರಿಷಿಣ-ಕುಂಕುಮ ಒಂದು ಕಮ್ಮಿ' ಅಂದ್ಲು. ಹೂವಿಗೆ ಎಷ್ಟು ಕೊಡಬೇಕು ಅಂತ ಪರ್ಸೂ ತಗದ್ಲು. ಮನಿಗೆ ಬಂದು ತೂಗಿದ್ವಿ, ಆರೂವರಿ ಕಿಲೋ.

ಕಡೀಗೆ ಕಾರ್ನಿವಲ್ಲಿನ ಮುಖ್ಯ ವೇಷದವರು, ರಾಜಕುಮಾರ, ರೈತ, ಕನ್ಯಾ ಅಂತ ಮೂವರು ಬಂದ್ರು. ಕನ್ಯಾಗ ಎರಡು ಜಡಿ, ಜರಿ ಉಡುಗಿ. ಅವ್ವ ಒಂದೇ ಸಲ ನೋಡಿ, 'ಅಯ್ಯ, ಆಕಿ ಗಂಡಸು ಅದಾನ! ನಮ್ಮ ದೊಡ್ಡಾಟದಾಗಿನ ಸ್ತ್ರೀ ಪಾರ್ಟು' ಅಂದ್ಲು.

ಬಾನ್_ಭಾಗ್ಯ · 7:20

ಅಮ್ಮನ ಕಣ್ಣಿಗೆ ಶರಣು! ಕನ್ಯೆ ಪಾತ್ರ ಗಂಡಸರದ್ದೇ. ನಾಜಿಗಳು ಇದು ಸರಿಯಲ್ಲ ಅಂತ 1938, 1939ರಲ್ಲಿ ಹೆಂಗಸರನ್ನ ನಿಲ್ಲಿಸಿದ್ರು. ಅವರ ಕಾಲ ಮುಗೀತು, ಕನ್ಯೆ ಮತ್ತೆ ಗಂಡಸೇ ಆದ.

ಮಂಡ್ಯ_ಮ್ಯೂನಿಕ್ · 7:25

ಆರೂವರೆ ಕಿಲೋ! ಶಾಕಾಹಾರಿಗಳಿಗೆ ಬೇಡವಾದ ಗಮ್ಮಿಗಳನ್ನ ಮ್ಯೂನಿಕ್‌ಗೆ ಪಾರ್ಸೆಲ್ ಮಾಡಿ.

ಬಾನ್_ಭಾಗ್ಯ · 7:31

ಅಯ್ಯೋ, ಆ ಗೊಂಬೆ ಪ್ರಶ್ನೆಗೆ ಯಾರೂ ಉತ್ತರಾನೇ ಕೊಟ್ಟಿಲ್ಲ! ಅದು ನುಬ್ಬೆಲ್. ನಾಳೆ ರಾತ್ರಿ ಬಾರ್ ಮುಂದೆ ಇರಿ. ಇಷ್ಟೇ ಹೇಳ್ತೀನಿ.

ಘಟಪ್ರಭಾದಿಂದ_ರೈನ್ · ಬುಧವಾರ ಬೆಳಿಗ್ಗೆ 9:15

ರಾತ್ರಿ ಹನ್ನೆರಡಕ್ಕ ಕಿಟಕ್ಯಾಗಿಂದ ನೋಡೂಣು ಅಂತ ಕುಂತಿದ್ವಿ. ಬಾರ್‌ನಾಗಿನ ಮಂದಿ ಕೈಯಾಗ ಮೇಣಬತ್ತಿ ಹಿಡಕೊಂಡು ಗೊಂಬಿ ಇಳಿಸಿದ್ರು. ಒಬ್ಬಾಂವ ಪಾದ್ರಿ ವೇಷದಾಗ ಕಾಗದ ಬಿಚ್ಚಿ ಆರೋಪ ಓದ್ದ. ಕುಡಿದು ರೊಕ್ಕ ಹಾಳ ಮಾಡಿದ್ದು ಯಾರ ತಪ್ಪು? ಮಂದಿ ಒಂದೇ ದನಿಲೆ: ನುಬ್ಬೆಲ್‌ದು! ಪರಾಯಿ ಮಂದಿಗೆ ಮುತ್ತು ಕೊಟ್ಟಿದ್ದು? ನುಬ್ಬೆಲ್! ಫುಟ್ಬಾಲ್ ಟೀಮ್ ಸೋತಿದ್ದು? ನುಬ್ಬೆಲ್! ಆಮ್ಯಾಲ ಬೆಂಕಿ ಹಚ್ಚಿ ಎಲ್ಲಾರೂ ಸುಳ್ಳ-ಸುಳ್ಳ ಅಳಾಕ ಹತ್ತಿದ್ರು.

ಅವ್ವ ಕಿಟಕಿ ಹತ್ರ ಇರ್ಲೇ ಇಲ್ಲ. ಮೊಣಕಾಲು ನೋವಿನಾಕಿ ಲಿಫ್ಟ್ ಇಲ್ಲದ ಮೂರು ಮಾಳಿಗಿ ಇಳದು ಹೋಗ್ಯಾಳ! ನಾ ಕೆಳಗ ಓಡೋದ್ರಾಗ ಬೆಂಕಿ ಮುಂದ ನಿಂತು, ಅಂಗೈಲೆ ಬಾಯಿ ಬಡ್ಕೊಂಡು 'ಲಬೋ ಲಬೋ ಲಬೋ' ಅನ್ನಾಕತ್ತಾಳ. 'ಕಾಮಣ್ಣನ ಮಕ್ಕಳು' ಅಂತ ಹಾಡೂ ಶುರು ಮಾಡಿದ್ಲು, ಮುಂದಿನ ಸಾಲು ಇಲ್ಲಿ ಬರದ್ರ ನಿರ್ವಾಹಕರು ಅಳಸ್ತಾರ. ಎರಡು ನಿಮಿಷದಾಗ ಇಡೀ ಓಣಿ ಬಾಯಿ ಬಡ್ಕೊಳ್ಳಾಕತ್ತಿತ್ತು. ಪಾದ್ರಿನೂ.

ಒಂದೇ ಸಿಟ್ಟು ಅಕಿಗೆ. ಕೆಂಡ ಮನಿಗೆ ಒಯ್ದು ಕಡಲಿ ಹುರೀಬೇಕು ಅಂತ ತಟ್ಟಿ ಹಿಡಕೊಂಡೇ ಇಳದಿದ್ಲಂತ. ಅಷ್ಟರಾಗ ಬಾರ್ ಮಾಲಕ ಬಕೀಟಿನಿಂದ ನೀರು ಸುರುವಿದ. 'ನೀರು ಹಾಕ್ತಾರೇನೋ ಕಾಮಣ್ಣಗ! ಬುದ್ಧಿ ಇಲ್ಲ' ಅಂತ ಮುಂಜಾನಿತನಾ ಗೊಣಗಿದ್ಲು.

ಈಗ ಬ್ರೆಡ್ ತರಾಕ ಹೋದಾಗ ಪಕ್ಕದ ಮನಿ ಅಜ್ಜ ಚರ್ಚಿನಿಂದ ಬರಾಕತ್ತಿದ್ದ, ಹಣಿಮ್ಯಾಲ ಬೂದಿ ಹಚ್ಚಿದ್ರು. ಅವ್ವ ನನ್ನ ಮಾರಿ ನೋಡಿ, 'ನಿನಗಿಂತ ಅವ್ರ ಬೇಶಿ, ವಿಭೂತಿನಾರ ಹಚ್ತಾರ' ಅಂದ್ಲು.

ಬೆಳಗಾವಿ_ಬಾಲ · 9:22

ಅಕ್ಕಾವ್ರಿಗೆ ನಮ್ಮ ಕಡೆಯಿಂದ ಒಂದು ಲಬೋ ಲಬೋ.

ಹಳೇ_ಮೈಸೂರು · 9:30

'ಕುಡಿಯೋ ನೆಪ' ಅಂದಿದ್ದನ್ನ ವಾಪಸ್ ತಗೋತೀನಿ. ಟೈ ವಿಷಯದಲ್ಲಿ ನನ್ನ ಮಾತು ಹಾಗೇ ಇದೆ.

ಕಾಯ್ದೆ_ಕಾಕಾ · 9:34

ಬೀದಿಯಲ್ಲಿ ಬೆಂಕಿ ಹಚ್ಚೋಕೆ ಪರವಾನಗಿ ಇತ್ತಾ?

ಬಾನ್_ಭಾಗ್ಯ · 9:35

ಅದೂ ನುಬ್ಬೆಲ್ ತಪ್ಪೇ ಕಾಕಾ.

ಘಟಪ್ರಭಾದಿಂದ_ರೈನ್ · 9:50

ಇನ್ನೊಂದು ಸಹಾಯ ಬೇಕು. ಹೋಳಿ ಹುಣ್ಣಿವಿ ಇನ್ನ ಎರಡು ವಾರ ಅದ. ಬಾರ್ ಮಾಲಕ ಅವ್ವನ್ನ ಕೇಳ್ಯಾನ, 'ನಿಮ್ಮ ನುಬ್ಬೆಲ್ ಯಾವಾಗ ಸುಡ್ತೀರಿ? ಹಿತ್ತಲ ಕೊಡ್ತೀನಿ' ಅಂತ. ಅವ್ವ ಹೂಂ ಅಂದು ಬಿಟ್ಟಾಳ. ಈ ಕಡೆ ಯಾರ ಹತ್ರಾದ್ರೂ ಹಲಗಿ ಅದ ಏನ್ರೀ?

ಕುಡ್ಲದ_ಕುವರ · 9:58

ಹಲಗಿ ಇಲ್ಲ. ಹುಲಿವೇಷದ ತಾಸೆ ಇದೆ, ಡ್ಯುಸೆಲ್ಡಾರ್ಫಿಂದ ತರ್ತೇನೆ. ಆಗ್ತದಾ?

ಘಟಪ್ರಭಾದಿಂದ_ರೈನ್ · 10:04

ಅವ್ವನ್ನ ಕೇಳ್ದೆ. 'ತಾಸೆ ಅಂದ್ರ ಏನೋ ನಮಗ ಗೊತ್ತಿಲ್ಲ, ಹಲಗಿ ಹಲಗೀನ. ಆದ್ರ ಹುಡುಗ ಬರ್ಲಿ, ಉಣ್ಣಾಕ ಹೋಳಿಗಿ ಮಾಡ್ತೀನಿ' ಅಂದ್ಲು.

ಬಾನ್_ಭಾಗ್ಯ · 10:06

ಬರ್ಲಿ, ಆದ್ರೆ ಬಾಗಿಲಲ್ಲಿ 'ಅಲಾಫ್' ಹೇಳಿಸಿಯೇ ಒಳಗೆ ಬಿಡಿ.

ಕುಡ್ಲದ_ಕುವರ · 10:07

ಹೋಳಿಗೆ ಎಷ್ಟು ಕೊಡ್ತೀರಿ ಅಂತ ಮೊದಲು ಹೇಳಿ.